ಚೈನ್ ಸೆಟ್ ಬದಲಿಸುವ ಮೊದಲು ಕಪ್ಲಿಂಗ್ ರಬ್ಬರ್ ನೋಡಿ

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದೊಂದು ಟೂ ವೀಲರ್ ಸ್ಪೇರ್ಸ್ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ. "ಅಕ್ಕಾ, ಸ್ಪ್ಲೆಂಡರ್‌ಗೆ ಒಂದು ಚೈನ್ ಸೆಟ್ ಕೊಡಿ" ಎಂದು ಬರುವವರಿಗೆ ಚೈನೂ ಎರಡು ಹಲ್ಲುಚಕ್ರಗಳೂ ಇರುವ ಆ ಪ್ಯಾಕೆಟ್ ಇಳಿಸುವ ಮೊದಲು ಒಂದು ಮಾತು ಕೇಳುತ್ತೇನೆ. ಹಳೆಯ ಚೈನಿಗೆ ಏನಾಗಿದೆ? ಹೆಚ್ಚಿನವರ ಉತ್ತರ ಒಂದೇ ಥರ. ಎಕ್ಸಲೇಟರ್ ಬಿಟ್ಟು ಮತ್ತೆ ಕೊಟ್ಟಾಗ ಹಿಂದುಗಡೆ 'ಟಕ್' ಅನ್ನುತ್ತದೆ. ಹಂಪ್ ಹತ್ತಿರ ನಿಧಾನ ಮಾಡಿದರೆ ಗಾಡಿ ಜಗ್ಗುತ್ತದೆ. ಗೇರ್ ಬದಲಿಸಿದಾಗ ಒಂದು ಏಟು ಬಿದ್ದ ಹಾಗಾಗುತ್ತದೆ.

ಇದು ಚೈನಿನ ತೊಂದರೆಯೂ ಇರಬಹುದು. ಆದರೆ ಹಿಂದಿನ ಚಕ್ರದ ನಡುಭಾಗವಾದ ಹಬ್ ಒಳಗೆ ಕೂತಿರುವ ಕಪ್ಲಿಂಗ್ ರಬ್ಬರ್ ಸವೆದರೂ ಇದೇ ಲಕ್ಷಣಗಳು. ಚೈನ್ ಸೆಟ್‌ನ ಬೆಲೆಯ ಪಕ್ಕದಲ್ಲಿ ಈ ರಬ್ಬರ್‌ನ ಬೆಲೆ ಲೆಕ್ಕಕ್ಕೇ ಇಲ್ಲ. ಸವೆದ ರಬ್ಬರ್ ಹಾಗೇ ಬಿಟ್ಟು ಹೊಸ ಚೈನ್ ಹಾಕಿದರೆ ಏಟು ನಿಲ್ಲುವುದಿಲ್ಲ. ಹೊಸ ಚೈನೂ ಬೇಗ ಹಾಳಾಗುತ್ತದೆ. ವ್ಯಾಪಾರ ನೋಡಿದರೆ ನನಗೆ ಚೈನ್ ಸೆಟ್ ಮಾರುವುದೇ ಲಾಭ. ಆದರೂ ಮೊದಲು ರಬ್ಬರ್ ನೋಡಿ ಎಂದೇ ಹೇಳುತ್ತೇನೆ.

ಇಲ್ಲಿ ಬರೆದಿರುವುದು ನಮ್ಮ ಕಡೆ ಜಾಸ್ತಿ ಓಡುವ 97.2 ಸಿಸಿ ಸ್ಪ್ಲೆಂಡರ್, ಡ್ರಮ್ ಬ್ರೇಕ್ ಇರುವಂಥದ್ದು, ಅದನ್ನು ಮುಂದಿಟ್ಟುಕೊಂಡು. ಬೇರೆ ಗಾಡಿಗಳಲ್ಲಿ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ಹೇಳುತ್ತೇನೆ.

ಈ ರಬ್ಬರ್ ಮಾಡುವ ಕೆಲಸವೇನು

ಚೈನ್ ತಿರುಗಿಸುವ ಹಿಂದಿನ ಸ್ಪ್ರಾಕೆಟ್, ಅಂದರೆ ಹಲ್ಲುಚಕ್ರ, ನೇರವಾಗಿ ಚಕ್ರಕ್ಕೆ ಬೋಲ್ಟ್ ಆಗಿಲ್ಲ. ಅದು ಫ್ಲಾಂಜ್ ಎಂಬ ಒಂದು ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೂತಿದೆ. ಆ ಫ್ಲಾಂಜ್‌ನ ಒಳಬದಿಗೆ ದಪ್ಪನೆಯ ಕೈಗಳಿವೆ. ಚಕ್ರದ ಹಬ್‌ನಲ್ಲಿ ಅದಕ್ಕೆ ಸರಿಯಾಗಿ ಗೂಡುಗಳಿವೆ. ಗೂಡುಗಳಲ್ಲಿ ರಬ್ಬರ್ ತುಂಡುಗಳು. ಫ್ಲಾಂಜ್‌ನ ಕೈ ರಬ್ಬರನ್ನು ತಳ್ಳುತ್ತದೆ, ರಬ್ಬರ್ ಹಬ್ಬನ್ನು ತಳ್ಳುತ್ತದೆ, ಆಗ ಚಕ್ರ ತಿರುಗುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ.

ಫೋರ್ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಮಾತ್ರ ಪಿಸ್ಟನ್ನನ್ನು ಜೋರಾಗಿ ತಳ್ಳುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ತಳ್ಳು. ಅಂದರೆ ಶಕ್ತಿ ಒಂದೇ ಸಮ ಬರುವುದಿಲ್ಲ, ಏಟು ಏಟಾಗಿ ಬರುತ್ತದೆ. ಇದರ ಜೊತೆಗೆ ನಾವು ಕ್ಲಚ್ ಫಕ್ಕನೆ ಬಿಡುವುದು, ಎಕ್ಸಲೇಟರ್ ಬಿಟ್ಟಾಗ ಚಕ್ರ ತಿರುಗಿ ಎಂಜಿನ್ನನ್ನು ಎಳೆಯುವುದು. ಈ ಏಟುಗಳ ಮೊನೆ ಮುರಿಯುವುದೇ ರಬ್ಬರ್‌ನ ಕೆಲಸ. ಅದು ಸವೆದರೆ ಏಟು ಚೈನ್ ಪಿನ್ನಿಗೆ, ಸ್ಪ್ರಾಕೆಟ್ ಹಲ್ಲಿಗೆ, ಕೊನೆಗೆ ಗೇರ್‌ಬಾಕ್ಸಿನ ಹಲ್ಲುಗಳಿಗೆ ಹೋಗುತ್ತದೆ.

ಇಷ್ಟು ಕಿಲೋಮೀಟರಿಗೆ ಬದಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಫೀಸಿಗೆ ಒಬ್ಬರೇ ಹೋಗಿ ಬರುವ ಗಾಡಿಯಲ್ಲಿ ರಬ್ಬರ್ ವರ್ಷಗಟ್ಟಲೆ ಬಾಳುತ್ತದೆ. ಅದೇ ಗಾಡಿ ಬೆಳಿಗ್ಗೆ ಎರಡೂ ಬದಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ, ಸಂಜೆ ಮೇವಿನ ಹೊರೆ, ಸಂತೆ ದಿನ ಕೊಬ್ಬರಿ ಮೂಟೆ ಅಂತ ಓಡಿದರೆ ಕಥೆ ಬೇರೆ. ಎರಡನೇ ಗೇರಿನಲ್ಲೇ ಎತ್ತುವ ಅಭ್ಯಾಸ ಇದ್ದರಂತೂ ಇನ್ನೂ ಬೇಗ.

ಬಿಚ್ಚದೇ ಪರೀಕ್ಷೆ ಮಾಡುವುದು

ಮೊದಲು ಚೈನಿನ ಸಡಿಲ ಸರಿ ಮಾಡಿಕೊಳ್ಳಿ. ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಪರೀಕ್ಷೆಗೆ ಅರ್ಥವಿಲ್ಲ. ಸಡಿಲ ಚೈನ್ ಕೂಡ ಇದೇ ಸದ್ದು ಮಾಡುತ್ತದಲ್ವಾ? ಇಂಥ ಸಣ್ಣ ಗಾಡಿಗಳಲ್ಲಿ ಕೆಳಗಿನ ಚೈನ್ ಮಧ್ಯದಲ್ಲಿ ಮೇಲೆ ಕೆಳಗೆ ಸುಮಾರು 20ರಿಂದ 30 ಮಿಲಿಮೀಟರ್ ಆಡಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ.

ಈಗ ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಆಫ್, ಕೀ ಜೇಬಿನಲ್ಲಿ. ಚಕ್ರದ ಹತ್ತಿರ ಕೈ ಇಟ್ಟಿರುವಾಗ ಯಾರೂ ಬಂದು ಕಿಕ್ಕರ್ ತುಳಿಯಬಾರದು, ಮಕ್ಕಳಿರುವ ಮನೆಯಲ್ಲಿ ಇದು ಮುಖ್ಯ. ಗೇರ್ ಹಾಕಿ. ಟೈರ್ ಹಿಡಿದು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿ. ಒಂದಷ್ಟು ಆಡುತ್ತದೆ. ಇದನ್ನು ನೋಡಿಯೇ ರಬ್ಬರ್ ಹೋಯಿತು ಅನ್ನಬೇಡಿ. ಗೇರ್‌ಬಾಕ್ಸ್ ಒಳಗಿನ ಸಂದು, ಚೈನಿನ ಸಡಿಲ, ರಬ್ಬರ್‌ನ ಸವೆತ, ಮೂರೂ ಸೇರಿ ಆಗುವ ಆಟ ಅದು. ರಬ್ಬರ್‌ನ ಪಾಲು ಎಷ್ಟು ಅಂತ ಬೇರೆ ಮಾಡಬೇಕು.

ಅದಕ್ಕೆ ಸ್ಪ್ರಾಕೆಟ್ ಕಣ್ಣಿಗೆ ಕಾಣಬೇಕು. ಸ್ಪ್ಲೆಂಡರ್‌ನಲ್ಲಿ ಚೈನ್ ಪೂರ್ತಿ ಕವರ್ ಒಳಗಿರುವುದರಿಂದ ಕವರಿನ ಕೆಳಗಿನ ಅರ್ಧ ಬಿಚ್ಚಿ. ಕವರ್ ಇಲ್ಲದ ಗಾಡಿಗಳಲ್ಲಿ ಸುಮ್ನೆ ಬಗ್ಗಿ ನೋಡಿದರೆ ಸಾಕು. ಚಕ್ರವನ್ನು ಒಂದು ಕಡೆಗೆ ತಿರುಗಿಸುತ್ತಾ ಹೋದ ಹಾಗೆ ಮೊದಲು ಚಕ್ರ, ಸ್ಪ್ರಾಕೆಟ್ ಎರಡೂ ಒಟ್ಟಿಗೆ ತಿರುಗುತ್ತವೆ. ಚೈನ್ ಬಿಗಿಯಾದ ಕೂಡಲೇ ಸ್ಪ್ರಾಕೆಟ್ ನಿಲ್ಲುತ್ತದೆ. ಸ್ಪ್ರಾಕೆಟ್ ನಿಂತ ಮೇಲೂ ಚಕ್ರ ಎಷ್ಟು ಮುಂದಕ್ಕೆ ಹೋಗುತ್ತದೆ? ಅದಷ್ಟೇ ರಬ್ಬರ್‌ನ ಲೆಕ್ಕ. ಇನ್ನೊಂದು ದಿಕ್ಕಿಗೂ ಹಾಗೇ ಮಾಡಿ.

ಚೆನ್ನಾಗಿರುವ ರಬ್ಬರ್ ಆದರೆ ಸ್ಪ್ರಾಕೆಟ್ ನಿಂತ ಕೂಡಲೇ ಕೈಗೆ ಬಿಗಿ ಸಿಗುತ್ತದೆ. ಜೋರಾಗಿ ಒತ್ತಿದರೆ ಚೂರು ಬಗ್ಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಆ ಪುಟಿಯುವ ಗುಣ ಇದ್ದರೆ ಚಿಂತೆ ಬೇಡ. ಸವೆದ ರಬ್ಬರ್ ಆದರೆ ಮೊದಲು ಏನೂ ತಡೆಯಿಲ್ಲದೆ ಸಲೀಸಾಗಿ ಜಾರುತ್ತದೆ, ಆಮೇಲೆ ಟಕ್ ಅಂತ ನಿಲ್ಲುತ್ತದೆ. ನಿಜವಾದ ಗುರುತು ಆ ಸಲೀಸು ಜಾರುವಿಕೆ. ಅಳತೆ ಬೇಕು ಅನ್ನುವವರಿಗೆ ನನ್ನ ಲೆಕ್ಕ ಹೀಗಿದೆ. ಸ್ಪ್ಲೆಂಡರ್‌ನದು 428 ಚೈನ್, ಅದರ ಎರಡು ಪಿನ್ ನಡುವೆ 12.7 ಮಿಲಿಮೀಟರ್ ಇರುತ್ತದೆ. ಚಕ್ರ ಅಲುಗದಂತೆ ಹಿಡಿದು ನೋಡಿದಾಗ ಸ್ಪ್ರಾಕೆಟ್ಟಿನ ಹಲ್ಲಿನ ಹತ್ತಿರ ಒಂದೆರಡು ಮಿಲಿಮೀಟರ್ ಆಡಿದರೆ ಬಿಟ್ಟುಬಿಡಿ. ಆ ಪಿನ್ ಅಂತರದ ಅರ್ಧದಷ್ಟು ಆಡಿದರೆ ರಬ್ಬರ್ ತರಿಸಿ.

ಇನ್ನೊಂದು ಪರೀಕ್ಷೆಯನ್ನೂ ಇಲ್ಲೇ ಮುಗಿಸಿ. ಸ್ಪ್ರಾಕೆಟ್ಟನ್ನು ಮೇಲೆ ಕೆಳಗೆ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿ. ಈ ದಿಕ್ಕಿನಲ್ಲಿ ಕಟಕಟ ಆಡಿದರೆ ಅದು ಫ್ಲಾಂಜ್ ಒಳಗಿನ ಬೇರಿಂಗ್. ರಬ್ಬರ್ ಬದಲಿಸಿ ಬೇರಿಂಗ್ ಬಿಟ್ಟರೆ ಸ್ಪ್ರಾಕೆಟ್ ಓಲಾಡುತ್ತದೆ, ಫ್ಲಾಂಜ್‌ನ ಕೈಗಳು ಸೊಟ್ಟಗೆ ಒತ್ತುತ್ತವೆ, ಹೊಸ ರಬ್ಬರ್ ಒಂದೇ ಬದಿಗೆ ಸವೆಯುತ್ತದೆ. ಸ್ಪ್ರಾಕೆಟ್ಟಿನ ನಟ್‌ಗಳು ಬಿಗಿ ಇವೆಯೇ ಅಂತಲೂ ನೋಡಿ. ಬರೀ ಅವೇ ಸಡಿಲವಾಗಿ ಸದ್ದು ಬರುತ್ತಿದ್ದ ಗಾಡಿಗಳೂ ಇವೆ.

ರಬ್ಬರ್ ಕೊಳ್ಳುವಾಗ

ಸಾಧ್ಯವಾದರೆ ಹಳೆಯ ತುಂಡು ಕೈಯಲ್ಲಿ ಹಿಡಿದು ಅಂಗಡಿಗೆ ಬನ್ನಿ. ಸ್ಪ್ಲೆಂಡರ್ ಎಂದರೆ ಒಂದೇ ಗಾಡಿ ಅಲ್ಲ, 1994ರಿಂದ ಬರುತ್ತಿದೆ, ಎಷ್ಟೋ ಮಾದರಿಗಳಾಗಿವೆ. ಹೆಸರು ಹೇಳಿದರೆ ಸಾಲದು, ಮಾದರಿ ಮತ್ತು ವರ್ಷ ಹೇಳಿ. ಪೂರ್ತಿ ಸೆಟ್ ತಗೊಳ್ಳಿ. "ಎರಡು ಚೆನ್ನಾಗಿವೆ, ಉಳಿದ ಎರಡು ಮಾತ್ರ ಕೊಡಿ" ಅಂತ ಕೇಳುವವರಿದ್ದಾರೆ. ಹೊಸದು ಎರಡು, ಹಳೆಯದು ಎರಡು ಇದ್ದರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ಕಂಪನಿಯ ಪ್ಯಾಕೆಟ್ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ ಇರುತ್ತದೆ. ತೆಗೆದು ಉಗುರಿನಿಂದ ಒತ್ತಿ. ಉಗುರು ಇಳಿದು, ಬಿಟ್ಟ ಕೂಡಲೇ ಗುರುತು ಮಾಯವಾಗಬೇಕು. ಕಲ್ಲಿನ ಹಾಗೆ ಗಟ್ಟಿ ಇದ್ದರೂ ಬೇಡ, ಒತ್ತಿದ್ದು ಹಾಗೇ ಉಳಿದರೂ ಬೇಡ. ಬಣ್ಣ ಬಣ್ಣದ ಪಿಯು (ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್) ಕಪ್ಲಿಂಗ್ ಸೆಟ್‌ಗಳೂ ಮಾರುಕಟ್ಟೆಯಲ್ಲಿವೆ. ಬಾಳಿಕೆ ಜಾಸ್ತಿ ಅಂತ ಹುಡುಗರು ಕೇಳುತ್ತಾರೆ. ಅವು ರಬ್ಬರಿಗಿಂತ ಗಟ್ಟಿ ಇದ್ದರೆ ಏಟನ್ನು ನುಂಗದೆ ಮುಂದಕ್ಕೆ ದಾಟಿಸುತ್ತವೆ. 100 ಸಿಸಿ ಗಾಡಿಗೆ ಅದು ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಸ್ಟಾಕ್ ಇಟ್ಟಿದ್ದೇನೆ, ಆದರೆ ನಾನಾಗಿ ತೋರಿಸುವುದಿಲ್ಲ.

ಚಕ್ರ ಬಿಚ್ಚುವುದು

ಈ ಗಾಡಿಯಲ್ಲಿ ಒಂದು ಅನುಕೂಲ ಇದೆ. ಚಕ್ರ ಹೊರಗೆ ಬಂದರೂ ಸ್ಪ್ರಾಕೆಟ್, ಫ್ಲಾಂಜ್, ಚೈನ್ ಎಲ್ಲ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನಲ್ಲೇ ಉಳಿಯುತ್ತವೆ. ಪಂಕ್ಚರ್ ಅಂಗಡಿಯಲ್ಲಿ ನೋಡಿರುತ್ತೀರಿ, ಚೈನ್ ಮುಟ್ಟದೇ ಚಕ್ರ ತೆಗೆಯುತ್ತಾರೆ. ಹಾಗಾಗಿ ಪಂಕ್ಚರ್ ಹಾಕಿಸುವ ದಿನವೇ ರಬ್ಬರ್ ನೋಡಿಬಿಡುವುದು ಒಳ್ಳೆಯದು, ಬಿಚ್ಚುವ ಕೂಲಿ ಉಳಿಯುತ್ತದೆ.

ಮುಂದಿನ ಚಕ್ರಕ್ಕೆ ಎರಡೂ ಬದಿ ಕಲ್ಲು ಕೊಡಿ. ಸೈಲೆನ್ಸರ್ ತಣ್ಣಗಾಗಿರಲಿ. ಬ್ರೇಕ್ ರಾಡಿನ ತುದಿಯ ನಟ್ ತಿರುಗಿಸಿ ತೆಗೆಯಿರಿ. ಅದರ ಹಿಂದೆ ಒಂದು ಸ್ಪ್ರಿಂಗ್, ಒಂದು ಸಣ್ಣ ಗುಂಡು ಪಿನ್ ಇರುತ್ತದೆ. ಕಳೆದುಹೋಗುವುದು ಯಾವಾಗಲೂ ಆ ಪಿನ್ನೇ. ರಾಡನ್ನು ಹೊರಗೆಳೆದ ಕೂಡಲೇ ಸ್ಪ್ರಿಂಗ್, ಪಿನ್, ನಟ್ ಮೂರನ್ನೂ ರಾಡಿಗೇ ವಾಪಸ್ ಸಿಕ್ಕಿಸಿಡಿ. ಆಮೇಲೆ ಬ್ರೇಕ್ ಪ್ಲೇಟಿನಿಂದ ಸ್ವಿಂಗ್ ಆರ್ಮಿಗೆ ಹೋಗುವ ಸ್ಟೇ ರಾಡಿನ ಲಾಕ್ ಪಿನ್ ತೆಗೆದು ನಟ್ ಬಿಚ್ಚಿ.

ಈಗ ಆಕ್ಸಲ್, ಅಂದರೆ ಚಕ್ರದ ನಡುವೆ ತೂರಿರುವ ಸರಳು. ಚೈನ್ ಬದಿಯಲ್ಲಿ ಎರಡು ನಟ್ ಇರುವುದನ್ನು ಗಮನಿಸಿ. ಒಂದು ಆಕ್ಸಲ್‌ನದು. ಅದಕ್ಕಿಂತ ಒಳಗಿರುವ ದೊಡ್ಡ ನಟ್ ಫ್ಲಾಂಜ್‌ನ ಸ್ಲೀವನ್ನು (ಆಕ್ಸಲ್ ತೂರುವ ಕೊಳವೆ) ಸ್ವಿಂಗ್ ಆರ್ಮಿಗೆ ಹಿಡಿದಿಟ್ಟಿದೆ. ಆ ದೊಡ್ಡದನ್ನು ಮುಟ್ಟಬೇಡಿ. ಅದು ಅಲುಗದಿದ್ದರೆ ಚೈನ್ ಸೆಟ್ಟಿಂಗ್ ಹಾಗೇ ಉಳಿಯುತ್ತದೆ. ಆಕ್ಸಲ್ ನಟ್ ಮಾತ್ರ ಬಿಚ್ಚಿ ಆಕ್ಸಲ್ಲನ್ನು ಹೊರಗೆಳೆಯಿರಿ. ಬರದಿದ್ದರೆ ಚಕ್ರವನ್ನು ಒಂದು ಕೈಯಲ್ಲಿ ಚೂರು ಎತ್ತಿ ಹಿಡಿದು ತಿರುಗಿಸುತ್ತಾ ಎಳೆಯಿರಿ. ನೇರವಾಗಿ ಸುತ್ತಿಗೆಯಲ್ಲಿ ಹೊಡೆದರೆ ತ್ರೆಡ್ ಹೋಗುತ್ತದೆ. ಬ್ರೇಕ್ ಬದಿಯಲ್ಲಿದ್ದ ಬುಷ್ (ಸಣ್ಣ ಕೊಳವೆ) ಕೆಳಗೆ ಬೀಳುತ್ತದೆ, ಯಾವ ಮುಖ ಯಾವ ಕಡೆಗಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಚಕ್ರವನ್ನು ಬ್ರೇಕ್ ಬದಿಗೆ ಎಳೆದರೆ ಫ್ಲಾಂಜ್‌ನ ಕೈಗಳಿಂದ ಬಿಡಿಸಿಕೊಳ್ಳುತ್ತದೆ. ಗಾಡಿಯನ್ನು ಚೂರು ವಾಲಿಸಿ ಹಿಡಿಯಲು ಒಬ್ಬರು ಜೊತೆಗಿದ್ದರೆ ಚಕ್ರ ಸಲೀಸಾಗಿ ಹೊರಬರುತ್ತದೆ.

ಎಲ್ಲ ಗಾಡಿಗಳಲ್ಲೂ ಹೀಗಿಲ್ಲ. ಕೆಲವದರಲ್ಲಿ ಸ್ಪ್ರಾಕೆಟ್ ಚಕ್ರದ ಜೊತೆಗೇ ಬರುತ್ತದೆ. ಅಲ್ಲಿ ಚೈನ್ ಅಡ್ಜಸ್ಟರ್ ಸಡಿಲಿಸಿ, ಚಕ್ರ ಮುಂದಕ್ಕೆ ತಳ್ಳಿ, ಚೈನನ್ನು ಸ್ಪ್ರಾಕೆಟ್ಟಿನಿಂದ ಕೆಳಗಿಳಿಸಬೇಕು. ಬಿಚ್ಚುವ ಮೊದಲು ಎರಡೂ ಬದಿಯ ಅಡ್ಜಸ್ಟರ್ ಯಾವ ಗೆರೆಯಲ್ಲಿತ್ತು ಎಂದು ಬರೆದಿಡಿ. ಹಿಂದೆ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಬ್ರೇಕ್ ಪೆಡಲ್ ತುಳಿಯಲೇಬಾರದು. ಪ್ಯಾಡ್‌ಗಳು ಒಂದಕ್ಕೊಂದು ಅಂಟಿ, ಡಿಸ್ಕ್ ಮತ್ತೆ ಒಳಗೆ ಹೋಗದೆ ಪೇಚಾಟವಾಗುತ್ತದೆ.

ಒಳಗೆ ಏನು ನೋಡಬೇಕು

ಹಬ್ ತೆರೆದ ಕೂಡಲೇ ಕಪ್ಪು ಪುಡಿ ಉದುರಿದರೆ ಅದು ಸವೆದ ರಬ್ಬರೇ. ತುಂಡುಗಳನ್ನು ಕೈಯಲ್ಲಿ ಎಳೆದು ತೆಗೆಯಿರಿ. ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರ್‌ನಿಂದ ಮೆಲ್ಲಗೆ ಎಬ್ಬಿಸಿ. ಹೊಸದರ ಪಕ್ಕದಲ್ಲಿಟ್ಟು ಹೋಲಿಸಿ. ಫ್ಲಾಂಜ್‌ನ ಕೈ ತಾಗುವ ಮುಖ ಹಳ್ಳ ಬಿದ್ದು ಹೊಳೆಯುತ್ತಿದೆಯಾ? ಮೂಲೆಗಳು ಉರುಟಾಗಿವೆಯಾ? ಬುಡದಲ್ಲಿ ಬಿರುಕಿದೆಯಾ? ಸಾಮಾನ್ಯವಾಗಿ ಎಕ್ಸಲೇಟರ್ ಕೊಟ್ಟಾಗ ಒತ್ತಡ ಬೀಳುವ ಬದಿ ಹೆಚ್ಚು ಸವೆದಿರುತ್ತದೆ. ನೋಡಲು ಚೆನ್ನಾಗಿದ್ದೂ ಪ್ಲಾಸ್ಟಿಕ್ಕಿನಷ್ಟು ಗಟ್ಟಿಯಾಗಿದ್ದರೆ ಅದೂ ಮುಗಿದಂತೆಯೇ.

ರಬ್ಬರಿಗಿಂತ ಗೂಡನ್ನು ಗಮನವಿಟ್ಟು ನೋಡಿ. ತುಂಬಾ ದಿನ ಸವೆದ ರಬ್ಬರಿನಲ್ಲೇ ಓಡಿಸಿದ ಗಾಡಿಯಲ್ಲಿ ಅಲ್ಯೂಮಿನಿಯಂ ಗೋಡೆಗಳೂ ತಿಂದುಹೋಗಿರುತ್ತವೆ. ಫ್ಲಾಂಜ್‌ನ ಕೈಗಳಲ್ಲೂ ಮೆಟ್ಟಿಲಿನಂಥ ಗುರುತು ಬಿದ್ದಿರುತ್ತದೆ. ಸ್ವಲ್ಪ ಗೀರು ಇದ್ದರೆ ಚಿಂತೆಯಿಲ್ಲ. ಹೊಸ ರಬ್ಬರ್ ಗೂಡಿನಲ್ಲಿ ಇಟ್ಟಾಗ ಸುತ್ತ ಸಂದು ಕಂಡರೆ ಅಥವಾ ಗೋಡೆಯಲ್ಲಿ ಬಿರುಕಿದ್ದರೆ ಹಬ್ ಬದಲಿಸುವ ಮಾತು ಬರುತ್ತದೆ. ಅದನ್ನು ಮೆಕ್ಯಾನಿಕ್‌ಗೆ ತೋರಿಸಿಯೇ ತೀರ್ಮಾನ ಮಾಡಿ.

ಇಲ್ಲಿ ಸೈಕಲ್ ಟ್ಯೂಬಿನ ವಿಷಯ ಹೇಳಲೇಬೇಕು. ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸವೆದ ರಬ್ಬರಿನ ಪಕ್ಕದಲ್ಲಿ ತುರುಕಿ ಸಂದು ಮುಚ್ಚುವ ಉಪಾಯ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅಂದಿಗೆ ಸದ್ದು ನಿಲ್ಲುತ್ತದೆ, ಸುಳ್ಳಲ್ಲ. ಭಾನುವಾರ ಸಂಜೆ ಅಂಗಡಿಗಳೆಲ್ಲ ಬಾಗಿಲು ಹಾಕಿರುವಾಗ ಊರು ಸೇರಲು ಹೀಗೆ ಮಾಡಿದರೆ ನಾನು ಬೈಯುವುದಿಲ್ಲ. ಆದರೆ ಟ್ಯೂಬ್ ತೆಳು. ಬೇಗ ಹರಿಯುತ್ತದೆ, ಮಡಿಸಿಕೊಳ್ಳುತ್ತದೆ, ಒಂದು ಗೂಡಿನಲ್ಲಿ ದಪ್ಪ, ಇನ್ನೊಂದರಲ್ಲಿ ತೆಳುವಾಗಿ ಉಳಿಯುತ್ತದೆ. ಆಗ ಒಂದೇ ಕೈಯ ಮೇಲೆ ಪೂರ್ತಿ ಭಾರ. ಟ್ಯೂಬ್ ಹಾಕಿ ಹಾಗೇ ಮರೆತುಬಿಟ್ಟ ಗಾಡಿಗಳಲ್ಲೇ ನಾನು ಜಾಸ್ತಿ ಹಬ್ ಒಡೆದದ್ದು ಕಂಡಿರುವುದು.

ಚಕ್ರ ಕೈಯಲ್ಲಿರುವಾಗಲೇ ಬ್ರೇಕ್ ಲೈನರ್ ನೋಡಿ. ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಫ್ಲಾಂಜ್ ಮತ್ತು ಹಬ್‌ನ ಬೇರಿಂಗ್‌ಗಳಲ್ಲಿ ಬೆರಳು ಹಾಕಿ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಗರಗರ ಅಂದರೆ ಬೇರಿಂಗೂ ಬದಲಿಸಿ.

ಹೊಸ ರಬ್ಬರ್ ಕೂರಿಸುವುದು

ಗೂಡುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಕೊಳೆ ಜಾಸ್ತಿ ಇದ್ದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ, ಗ್ರೀಸ್ ಯಾವುದೂ ರಬ್ಬರಿಗೆ ತಾಗಬಾರದು. ಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಚೈನಿಗೆ ಹಳೆಯ ಎಂಜಿನ್ ಆಯಿಲ್ ಸುರಿಯುವವರ ಗಾಡಿಯಲ್ಲಿ ರಬ್ಬರ್ ಬೇಗ ಹೋಗಲು ಇದೂ ಒಂದು ಕಾರಣ.

ತುಂಡುಗಳಿಗೆ ದಿಕ್ಕು ಇರಬಹುದು. ಕೆಲವು ಗಾಡಿಗಳ ರಬ್ಬರಿನಲ್ಲಿ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ದಪ್ಪ ಬದಿ ಎಂಜಿನ್ ಎಳೆತ ತಡೆಯಲು, ತೆಳು ಬದಿ ಎಕ್ಸಲೇಟರ್ ಬಿಟ್ಟಾಗಿನ ಎಳೆತಕ್ಕೆ. ಹಳೆಯದನ್ನು ತೆಗೆಯುವ ಮೊದಲೇ ಫೋಟೋ ತೆಗೆದಿದ್ದರೆ ಈ ತಲೆಬಿಸಿ ಇಲ್ಲ. ಎರಡು ತುಂಡು ಒಂದು ಪಟ್ಟಿಯಿಂದ ಸೇರಿದ್ದರೆ ಆ ಪಟ್ಟಿ ಹಳೆಯದರಲ್ಲಿ ಯಾವ ಕಡೆಗಿತ್ತೋ ಅದೇ ಕಡೆಗೆ ಬರಲಿ. ಹೆಬ್ಬೆರಳಿನಿಂದ ಒತ್ತಿ ತಳ ಮುಟ್ಟುವವರೆಗೆ ಕೂರಿಸಿ. ಬಿಗಿ ಅನಿಸಿದರೆ ಸೋಪು ನೀರು ಸವರಿ. ಬಿಗಿ ಇರಲೇಬೇಕು. ಸಡಿಲವಾಗಿ ಒಳಗೆ ಬಿದ್ದರೆ ತಪ್ಪು ಸೆಟ್ ಬಂದಿದೆ ಎಂದೇ ಅರ್ಥ, ವಾಪಸ್ ತನ್ನಿ, ಬದಲಾಯಿಸಿ ಕೊಡುತ್ತೇವೆ.

ಈಗ ಚಕ್ರವನ್ನು ಫ್ಲಾಂಜ್‌ನ ಕೈಗಳಿಗೆ ಎದುರಾಗಿ ಹಿಡಿದು, ಅತ್ತಿತ್ತ ಚೂರು ತಿರುಗಿಸುತ್ತಾ ಒತ್ತಿ. ಹಳೆಯ ರಬ್ಬರಿನಲ್ಲಿ ತಾನಾಗಿ ಕೂರುತ್ತಿದ್ದದ್ದು ಈಗ ಸತಾಯಿಸುತ್ತದೆ. ಟೈರ್ ಮೇಲೆ ಅಂಗೈಯಿಂದ ನಾಲ್ಕು ಕಡೆ ಸಮನಾಗಿ ಬಡಿಯಿರಿ. ಒಂದು ಬದಿ ಒಳಗೆ ಹೋಗಿ ಇನ್ನೊಂದು ಬದಿ ಸಂದು ಉಳಿದರೆ ಯಾವುದೋ ರಬ್ಬರ್ ಮಡಿಸಿಕೊಂಡಿದೆ. ಹೊರಗೆ ತೆಗೆದು ಮತ್ತೆ ಕೂರಿಸಿ. ಆಕ್ಸಲ್ ನಟ್ ಬಿಗಿ ಮಾಡಿ ಎಳೆದುಕೊಳ್ಳೋಣ ಎಂಬ ಯೋಚನೆ ಬೇಡ, ಫ್ಲಾಂಜ್ ಬಿರುಕು ಬಿಡುವುದು ಹಾಗೆಯೇ.

ಆಕ್ಸಲ್ ಒರೆಸಿ ತೆಳುವಾಗಿ ಗ್ರೀಸ್ ಸವರಿ. ತ್ರೆಡ್‌ಗೆ ಬೇಡ, ರಬ್ಬರ್ ಕಡೆಗೂ ಬೇಡ. ಬ್ರೇಕ್ ಪ್ಲೇಟ್, ಬುಷ್ ಸರಿಯಾಗಿಟ್ಟು ಆಕ್ಸಲ್ ತೂರಿಸಿ. ಸ್ಟೇ ರಾಡ್ ಮರೆಯಬೇಡಿ. ಅದಿಲ್ಲದೆ ಬ್ರೇಕ್ ಹಾಕಿದರೆ ಬ್ರೇಕ್ ಪ್ಲೇಟೇ ತಿರುಗಿ ಚಕ್ರ ಲಾಕ್ ಆಗಬಹುದು. ಅದರ ಲಾಕ್ ಪಿನ್ ಹೊಸದೇ ಹಾಕಿ. ನಟ್‌ಗಳನ್ನು ಪುಸ್ತಕದಲ್ಲಿರುವ ಬಿಗಿತದ ಅಳತೆಗೆ, ಅಂದರೆ ಟಾರ್ಕ್‌ಗೆ ಬಿಗಿ ಮಾಡಿ. ಮನೆಯಲ್ಲಿ ಟಾರ್ಕ್ ರೆಂಚ್ ಇಲ್ಲದಿದ್ದರೆ ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ಹೋಗಿ ಒಮ್ಮೆ ಬಿಗಿ ನೋಡಿಸಿಕೊಳ್ಳಿ.

ಚೈನ್ ಸಡಿಲ ಇನ್ನೊಮ್ಮೆ ಅಳೆಯಿರಿ. ಚಕ್ರ ತಿರುಗಿಸುತ್ತಾ ಬೇರೆ ಬೇರೆ ಕಡೆ ನೋಡಿ, ತೀರಾ ಬಿಗಿಯಾಗಿರುವ ಜಾಗದಲ್ಲಿ ಅಳತೆ ಸರಿ ಇರಬೇಕು. ಬ್ರೇಕ್ ನಟ್ ತಿರುಗಿಸಿ ಪೆಡಲ್ ಆಟ ಮೊದಲಿನಷ್ಟಕ್ಕೆ ತನ್ನಿ, ಹಿಂದಿನ ದೀಪ ಸರಿಯಾದ ಹೊತ್ತಿಗೆ ಹತ್ತುತ್ತಿದೆಯೇ ನೋಡಿ. ಗಾಡಿ ಹತ್ತುವ ಮೊದಲು ನಿಂತಲ್ಲೇ ನಾಲ್ಕೈದು ಸಲ ಬ್ರೇಕ್ ತುಳಿಯಿರಿ.

ಓಡಿಸಿ ನೋಡುವಾಗ ಎರಡನೇ ಗೇರಿನಲ್ಲಿ 20 ಕಿಲೋಮೀಟರ್ ವೇಗದಲ್ಲಿ ಎಕ್ಸಲೇಟರ್ ಬಿಟ್ಟು, ಮತ್ತೆ ಮೆಲ್ಲಗೆ ಕೊಡಿ. ಮೊದಲಿನ 'ಟಕ್' ಹೋಗಿರಬೇಕು. ಇನ್ನೂ ಇದ್ದರೆ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಹಲ್ಲು ಅರ್ಧದಷ್ಟು ಕಾಣುವಷ್ಟು ಚೈನ್ ಮೇಲೆದ್ದರೆ ಚೈನ್ ಸೆಟ್ ಮುಗಿದಿದೆ, ಆಗ ಬನ್ನಿ, ಪ್ಯಾಕೆಟ್ ಇಳಿಸುತ್ತೇನೆ. ಚೈನೂ ಸರಿ ಇದ್ದು ಸದ್ದು ಎಂಜಿನ್ ಕಡೆಯಿಂದ ಬರುತ್ತಿದ್ದರೆ ಅದು ಗೇರ್‌ಬಾಕ್ಸಿನ ಕೆಲಸ, ಮನೆಯಂಗಳದಲ್ಲಿ ಬಿಚ್ಚುವಂಥದ್ದಲ್ಲ.